ತೊಳೆಯೋದು ಅಂದ್ರೆ ನಲ್ಲಿ ತಿರುಗಿಸಿ ಕೂರೋದಲ್ಲ

(1/10)
ಮನೇಲಿ ಫಿಲ್ಮ್ ಡೆವಲಪ್ ಮಾಡೋ ವಿಡಿಯೋಗಳನ್ನ ನೀವೂ ನೋಡಿರ್ತೀರಿ. ಎಲ್ಲದ್ರಲ್ಲೂ ಹೆಚ್ಚುಕಮ್ಮಿ ಒಂದೇ ಕಥೆ. ಕತ್ತಲಲ್ಲಿ ಸ್ಪೈರಲ್‌ಗೆ ಫಿಲ್ಮ್ ಸುತ್ತೋದು, ಡೆವಲಪರ್ ಸುರಿಯೋದು, ಟ್ಯಾಂಕನ್ನ ಮೇಲೆ ಕೆಳಗೆ ಮಾಡೋದು, ಕೊನೆಗೆ ಮುಚ್ಚಳ ತೆಗೆದು "ಬಂತು ಗುರು, ಚಿತ್ರ ಬಂತು" ಅಂತ ಕುಣಿಯೋದು. ನಡುವೆ ಫಿಲ್ಮ್ ತೊಳೆಯೋ ದೃಶ್ಯ ಇದ್ರೆ ಎರಡು ಸೆಕೆಂಡ್. ಅದೂ ಫಾಸ್ಟ್ ಫಾರ್ವರ್ಡ್‌ನಲ್ಲಿ.

ನನ್ನ ಅಭಿಪ್ರಾಯ ನೇರವಾಗಿ ಹೇಳ್ಬಿಡ್ತೀನಿ. ಚಿತ್ರ ಬರೋದು ಡೆವಲಪರ್‌ನಿಂದ ನಿಜ. ಆದ್ರೆ ಬಂದ ಚಿತ್ರ ಎಷ್ಟು ವರ್ಷ ಇರುತ್ತೆ ಅನ್ನೋದು ತೀರ್ಮಾನ ಆಗೋದು ಫಿಕ್ಸರ್ ಮತ್ತು ಅದಾದ ಮೇಲಿನ ನೀರಲ್ಲಿ. ಅಷ್ಟು ಮುಖ್ಯವಾದ ಹಂತವನ್ನ ನಾವು ಪಾತ್ರೆ ತೊಳೆಯೋ ಕೆಲಸದ ಥರ ನೋಡ್ತಿದ್ದೀವಿ.

ನನ್ನ ಪರಿಚಯದವರಲ್ಲಿ ಎರಡು ಪಾರ್ಟಿ ಇದೆ. ಒಂದು "ಎರಡು ಸಲ ಜಾಲಾಡಿಸಿ ಒಣಗಾಕು" ಪಾರ್ಟಿ. ಇನ್ನೊಂದು "ಅರ್ಧ ಗಂಟೆ ನಲ್ಲಿ ಕೆಳಗೆ ಇಟ್ಬಿಡು" ಪಾರ್ಟಿ. ಮೊದಲನೆಯವರು ಫಿಲ್ಮಿಗೆ ಮೋಸ ಮಾಡ್ತಾರೆ. ಎರಡನೆಯವರು ನೀರಿಗೆ ಮೋಸ ಮಾಡ್ತಾರೆ, ಕೆಲವು ಸಲ ಫಿಲ್ಮಿಗೂ. ಇಬ್ಬರಿಗೂ ಗೊತ್ತಿಲ್ಲದ ವಿಷಯ ಒಂದೇ: ಸರಿಯಾಗಿ ತೊಳೆಯೋಕೆ ಬೇಕಾಗಿರೋದು ಜಾಸ್ತಿ ನೀರಲ್ಲ, ಲೆಕ್ಕ.

ನಾನು ಬಿಕಾಂ ಹುಡುಗ, ಕೆಮಿಸ್ಟ್ರಿ ಪಿಯುಸಿಗೂ ಮುಂಚೆನೇ ಬಿಟ್ಟವನು. ಆದ್ರೆ ಈ ಲೆಕ್ಕ ನಮ್ಮ ಅಕೌಂಟೆನ್ಸಿ ಪುಸ್ತಕದಲ್ಲೇ ಇದೆ. ಹತ್ತು ಕ್ಯಾಪ್ಷನ್ ಇದೆ, ನಿಧಾನವಾಗಿ ಓದಿ. ಇಲ್ಲಿ ಹೇಳೋದೆಲ್ಲ ಕಪ್ಪು ಬಿಳುಪು ಫಿಲ್ಮ್ ಬಗ್ಗೆ. ಕಲರ್ ಫಿಲ್ಮಿನ ಪ್ರೋಸೆಸ್ ಬೇರೆ, ಅದಕ್ಕೆ ಇದನ್ನ ಹಾಗೇ ಅಂಟಿಸಬೇಡಿ.

(2/10)
ತೊಳೀತಿರೋದು ಏನನ್ನ ಅಂತ ಮೊದಲು ಗೊತ್ತಾಗ್ಲಿ.

ಫಿಲ್ಮ್ ಅಂದ್ರೆ ಒಂದು ಪ್ಲಾಸ್ಟಿಕ್ ಪಟ್ಟಿ. ಅದರ ಮೇಲೆ ತೆಳ್ಳಗೆ ಜೆಲಟಿನ್ ಪದರ. ಆ ಜೆಲಟಿನ್ ಒಳಗೆ ಬೆಳ್ಳಿಯ ಲವಣದ ಸಣ್ಣ ಸಣ್ಣ ಹರಳು. ಬೆಳಕು ಬಿದ್ದ ಹರಳನ್ನ ಡೆವಲಪರ್ ಕಪ್ಪು ಬೆಳ್ಳಿಯಾಗಿ ಮಾಡುತ್ತೆ, ಅದೇ ನಮ್ಮ ಚಿತ್ರ. ಬೆಳಕು ಬೀಳದ ಹರಳು ಹಾಗೇ ಉಳಿದಿರುತ್ತೆ. ಅದನ್ನ ಕರಗಿಸಿ ತೆಗೆಯೋದು ಫಿಕ್ಸರ್ ಕೆಲಸ.

ಹಳೇ ಸ್ಟುಡಿಯೋದವರು ಫಿಕ್ಸರನ್ನ "ಹೈಪೊ" ಅಂತಾರೆ. ಇದು ಬೆಳ್ಳಿಯ ಲವಣವನ್ನ ಕರಗಿಸುತ್ತೆ ಅಂತ ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ 1819ರಲ್ಲೇ ಕಂಡುಕೊಂಡಿದ್ದರು. 1839ರಲ್ಲಿ ಫೋಟೋಗ್ರಫಿ ಜಗತ್ತಿಗೆ ಗೊತ್ತಾದಾಗ ಚಿತ್ರವನ್ನ ಉಳಿಸಿಕೊಳ್ಳೋಕೆ ಅದೇ ದಾರಿಯಾಯ್ತು. ಆಗ ಅದಕ್ಕೆ ಹೈಪೊಸಲ್ಫೈಟ್ ಅಂತಿದ್ದರು. ಈಗಿನ ಸರಿಯಾದ ಹೆಸರು ಸೋಡಿಯಂ ಥಯೋಸಲ್ಫೇಟ್. ಹೆಸರು ಬದಲಾದ್ರೂ "ಹೈಪೊ" ಹೋಗಲಿಲ್ಲ.

ಸಮಸ್ಯೆ ಇಲ್ಲೇ ಶುರು. ಜೆಲಟಿನ್ ಸ್ಪಂಜ್ ಇದ್ದ ಹಾಗೆ. ಫಿಕ್ಸರನ್ನೂ, ಅದು ಕರಗಿಸಿದ ಬೆಳ್ಳಿಯ ಸಂಯುಕ್ತವನ್ನೂ ಒಳಗೇ ಹಿಡ್ಕೊಂಡಿರುತ್ತೆ. ತೊಳೆದು ತೆಗೀದೆ ಬಿಟ್ರೆ ಅದರಲ್ಲಿರೋ ಗಂಧಕ ನಿಧಾನವಾಗಿ ಚಿತ್ರದ ಬೆಳ್ಳಿಯ ಜೊತೆ ಸೇರಿ ಸಿಲ್ವರ್ ಸಲ್ಫೈಡ್ ಆಗುತ್ತೆ. ಆಮೇಲೆ ಹಳದಿ, ಕಂದು ಕಲೆ. ಚಿತ್ರ ಮಸುಕು.

ಇದು ನಿಮಗೆ ಗೊತ್ತಿಲ್ಲದ ವಿಷಯ ಏನಲ್ಲ. ದೇವರ ಮನೇಲಿ ಬೆಳ್ಳಿ ದೀಪ, ಕುಂಕುಮದ ಬಟ್ಟಲು ಕಪ್ಪಾಗುತ್ತಲ್ಲ, ಅದೂ ಸಿಲ್ವರ್ ಸಲ್ಫೈಡೇ. ಅಲ್ಲಿ ಗಂಧಕ ಗಾಳಿಯಿಂದ ಬರುತ್ತೆ, ಇಲ್ಲಿ ನಾವೇ ಒಳಗೆ ಬಿಟ್ಟಿರ್ತೀವಿ. ಬಟ್ಟಲನ್ನ ಹಬ್ಬಕ್ಕೆ ಉಜ್ಜಿ ಬೆಳಗಬಹುದು. ನೆಗೆಟಿವನ್ನ ಉಜ್ಜೋಕಾಗಲ್ಲ.

(3/10)
"ಇದೆಲ್ಲ ಥಿಯರಿ, ನಿಜವಾಗ್ಲೂ ಹಾಳಾಗಿದ್ದು ಯಾರು ನೋಡಿದ್ದಾರೆ?" ಅಂತ ಕೇಳ್ತೀರಿ. ನಾನು ನೋಡಿದ್ದೀನಿ.

ತಿಪಟೂರು ಕಡೆ ನಮ್ಮ ಅಜ್ಜಿ ಮನೆ. ಅಲ್ಲಿನ ಟ್ರಂಕಲ್ಲಿ ಒಂದು ಕಾಗದದ ಕವರ್ ಇತ್ತು. ಒಳಗೆ ನೆಗೆಟಿವ್ ಪಟ್ಟಿಗಳು, ಮನೆಯಲ್ಲಿ ಯಾರದ್ದೋ ಮದುವೆಗೆ ಬಂದ ಸ್ಟುಡಿಯೋದವರು ತೆಗೆದಿದ್ದು. ಕೆಲವು ಪಟ್ಟಿ ಈಗಲೂ ಕನ್ನಡಿ ಥರ ಇದೆ. ಎರಡು ಪಟ್ಟಿ ಮಾತ್ರ ಅಂಚಿನಿಂದ ಒಳಕ್ಕೆ ಕಂದು ಬಣ್ಣಕ್ಕೆ ತಿರುಗಿದೆ, ಟೀ ಚೆಲ್ಲಿದ ಹಾಗೆ. ಅದೇ ಕವರ್, ಅದೇ ಟ್ರಂಕ್, ಅದೇ ಸೆಖೆ. ಹಾಗಿರುವಾಗ ಇಟ್ಟ ಜಾಗವನ್ನ ಮಾತ್ರ ದೂರೋದು ಹೇಗೆ?

ಆ ಎರಡರಲ್ಲಿ ಒಂದು ಫ್ರೇಮಲ್ಲಿ ಅಜ್ಜಿಯ ತಂಗಿ ಇದ್ದಾರೆ. ಚಿಕ್ಕ ವಯಸ್ಸಲ್ಲೇ ತೀರಿಕೊಂಡವರು. ಅವರ ಬೇರೆ ಫೋಟೋ ನಮ್ಮ ಮನೇಲಿಲ್ಲ. ಸೀರೆ ಅಂಚು ಕಾಣುತ್ತೆ, ಕೈಯಲ್ಲಿ ಹಿಡಿದ ತಟ್ಟೆ ಕಾಣುತ್ತೆ. ಮುಖದ ಅರ್ಧ ಕಲೆ ಒಳಗೆ ಹೋಗಿದೆ. ಅಜ್ಜಿ ಆ ಪಟ್ಟೀನ ಕಿಟಕಿ ಕಡೆ ಹಿಡಿದು ನೋಡಿ "ಇವಳೇ ಕಣೋ" ಅಂದ್ರು. ನನಗೆ ಮುಖ ಗೊತ್ತಾಗ್ಲಿಲ್ಲ. ಅವರಿಗೆ ಗೊತ್ತಾಗಿದ್ದು ನೆನಪಿನಿಂದ, ಫಿಲ್ಮಿನಿಂದ ಅಲ್ಲ.

ಸ್ಟುಡಿಯೋ ಕೆಲಸ ಬಿಟ್ಟು ಎಷ್ಟೋ ವರ್ಷ ಆದ ಹಿರಿಯರೊಬ್ಬರಿಗೆ ಪಟ್ಟಿ ತೋರಿಸಿದೆ. ಬೆಳಕಿಗೆ ಹಿಡಿದು ನೋಡಿದ್ರು. "ಹೈಪೊ ಉಳ್ಕೊಂಡಿರೋ ಹಾಗಿದೆಯಪ್ಪ. ಮದುವೆ ಸೀಸನ್ನಲ್ಲಿ ರೋಲ್ ಮೇಲೆ ರೋಲ್ ಬರ್ತಿತ್ತು. ಬೆಳಿಗ್ಗೆ ಪ್ರಿಂಟ್ ಕೊಡ್ಬೇಕು. ಎಲ್ಲರೂ ತೊಳೆಯೋದ್ರಲ್ಲೇ ಟೈಮ್ ಉಳಿಸ್ತಿದ್ರು" ಅಂದ್ರು.

ಆ ಸ್ಟುಡಿಯೋದವರ ಮೇಲೆ ನನಗೇನೂ ಸಿಟ್ಟಿಲ್ಲ. ಅವರಿಗೆ ಬೆಳಗಾಗೋದ್ರೊಳಗೆ ಕೊಡೋ ಆತುರ ಇತ್ತು. ನಾನು ಕೇಳೋದು ನಮ್ಮನ್ನ. ನಮಗೆ ಯಾವ ಆತುರ? ಸ್ಟೋರಿ ಹಾಕೋದಾ?

(4/10)
ಈಗ ಕ್ಲಾಸಲ್ಲಿ ಪ್ರತಿ ಸಲ ಕೇಳೋ ವಾದಕ್ಕೆ ಬರ್ತೀನಿ. "ಸ್ಕ್ಯಾನ್ ಆಯ್ತಲ್ಲ ಮಗಾ, ಇನ್ನು ನೆಗೆಟಿವ್ ಇದ್ರೆಷ್ಟು ಹೋದ್ರೆಷ್ಟು?"

ಬಿಕಾಂ ಓದೋರಿಗೆ ಬಿಕಾಂ ಭಾಷೇಲೇ ಉತ್ತರ. ನೆಗೆಟಿವ್ ಅಂದ್ರೆ ವೋಚರ್. ಸ್ಕ್ಯಾನ್ ಅಂದ್ರೆ ಅದನ್ನ ನೋಡಿ ಪುಸ್ತಕದಲ್ಲಿ ಬರೆದ ಎಂಟ್ರಿ. ಎಂಟ್ರಿ ಇದೆ ಅಂತ ವೋಚರ್ ಹರಿದು ಹಾಕಿದ್ರೆ ಆಡಿಟರ್ ಏನಂತಾರೆ ಗೊತ್ತಲ್ಲ? ಎಂಟ್ರಿ ತಪ್ಪಿರಬಹುದು, ಅರ್ಧ ಬರೆದಿರಬಹುದು, ಪುಸ್ತಕವೇ ಕಳೆದುಹೋಗಬಹುದು. ವೋಚರ್ ಇದ್ರೆ ಮತ್ತೆ ಬರೀಬಹುದು.

ನಮ್ಮ ಸ್ಕ್ಯಾನ್‌ಗಳ ಕಥೆ ನೋಡಿ. ಮುಕ್ಕಾಲು ಜನ ಮೊಬೈಲಲ್ಲಿ ಬಿಳಿ ಸ್ಕ್ರೀನ್ ಹಾಕಿ, ಅದರ ಮೇಲೆ ಪಟ್ಟಿ ಇಟ್ಟು ಇನ್ನೊಂದು ಮೊಬೈಲಲ್ಲಿ ಹೊಡೆದಿದ್ದೇ ಸ್ಕ್ಯಾನ್. ಅದನ್ನ ಈ ಆ್ಯಪ್ ಇನ್ನಷ್ಟು ಕುಗ್ಗಿಸುತ್ತೆ. ನಾಳೆ ಒಳ್ಳೇ ಸ್ಕ್ಯಾನರ್ ಸಿಕ್ಕಾಗ, ಅಥವಾ ಡಾರ್ಕ್‌ರೂಮಲ್ಲಿ ದೊಡ್ಡ ಪ್ರಿಂಟ್ ಹಾಕೋ ಅವಕಾಶ ಬಂದಾಗ, ಕೈಯಲ್ಲಿ ಇರಬೇಕಾಗಿರೋದು ನೆಗೆಟಿವ್. ಫೋನ್ ಹೋದ್ರೂ, ಪಾಸ್‌ವರ್ಡ್ ಮರೆತ್ರೂ ಅದು ಡ್ರಾಯರಲ್ಲಿ ಕೂತಿರುತ್ತೆ.

ನಮ್ಮ ಮೈಸೂರಿನ ಟಿ. ಎಸ್. ಸತ್ಯನ್ (1923-2009) ಅವರ ಕಪ್ಪು ಬಿಳುಪು ಚಿತ್ರಗಳನ್ನ ಇವತ್ತಿಗೂ ನಿಂತು ನೋಡ್ತೀವಿ. ಅವರು ಕೆಲಸ ಮಾಡಿದ ಕಾಲದ ಬಹುಪಾಲು ಸ್ಕ್ಯಾನರ್ ಅನ್ನೋ ಮಾತೇ ಇರಲಿಲ್ಲ. ಆ ಕಾಲದವರಿಗೆ ಬ್ಯಾಕಪ್ ಅಂದ್ರೆ ಚೆನ್ನಾಗಿ ತೊಳೆದ ನೆಗೆಟಿವ್.

ಇನ್ನೂ ಒಂದು ಮಾತು. ಬರೀ ಸ್ಕ್ಯಾನ್ ಸಾಕು ಅನ್ನೋದಾದ್ರೆ ಫೋನಲ್ಲೇ ಹೊಡೆದು ಗ್ರೇನ್ ಫಿಲ್ಟರ್ ಹಾಕ್ಬಹುದಲ್ಲ? ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಮುಚ್ಚಿದ ಮೇಲೆ ನಮ್ಮ ದೇಶದ "ಇಂದು" ಫಿಲ್ಮ್ ಇತಿಹಾಸಕ್ಕೆ ಸೇರಿತು. ಈಗ ನಾವು ಕೊಳ್ಳೋದು ಹೊರಗಿನಿಂದ ಬಂದಿದ್ದು. ಪಾಕೆಟ್ ಮನಿ ಕೂಡಿಟ್ಟು ತಂದ ರೋಲ್ ಅದು. ಅಷ್ಟು ಖರ್ಚು ಮಾಡಿ ಕೈಗೆ ಬರೋ ಒಂದೇ ಆಸ್ತಿ ಆ ಪಟ್ಟಿ.

(5/10)
ಹಾಗಾದ್ರೆ ಅರ್ಧ ಗಂಟೆ ನಲ್ಲಿ ಬಿಡೋರೇ ಸರಿ ಅಂತಾಯ್ತಾ? ಇಲ್ಲ.

ಈ ಅರ್ಧ ಗಂಟೆ ಸುಳ್ಳು ಲೆಕ್ಕ ಅಂತ ನಾನು ಹೇಳ್ತಿಲ್ಲ. ಕೊಡಾಕ್ ಕಂಪನಿಯ ಸೂಚನೆಗಳಲ್ಲೇ ಹರಿಯೋ ನೀರಲ್ಲಿ 20ರಿಂದ 30 ನಿಮಿಷ ಅಂತ ಇತ್ತು. ಅದಕ್ಕೊಂದು ಹಿನ್ನೆಲೆ ಇದೆ. ಹಳೇ ಫಿಕ್ಸರ್‌ಗಳಲ್ಲಿ ಜೆಲಟಿನ್ ಗಟ್ಟಿ ಮಾಡೋ ಹಾರ್ಡನರ್ ಸೇರಿಸ್ತಿದ್ರು. ಗಟ್ಟಿಯಾದ ಜೆಲಟಿನ್‌ನಿಂದ ಹೈಪೊ ಹೊರಗೆ ಬರೋದು ನಿಧಾನ. ಇನ್ನು ಫೈಬರ್ ಪೇಪರ್ ಮೇಲೆ ಪ್ರಿಂಟ್ ಹಾಕೋರ ಮಾತು ಬೇರೆ, ಅಲ್ಲಿ ಕಾಗದದ ನಾರೇ ಫಿಕ್ಸರ್ ಕುಡಿದಿರುತ್ತೆ, ತುಂಬಾ ಹೊತ್ತು ತೊಳೀಲೇಬೇಕು. ಫಿಲ್ಮಿನ ಪ್ಲಾಸ್ಟಿಕ್ ಹಾಗೆ ಕುಡಿಯಲ್ಲ. ಜೆಲಟಿನ್ ಪದರ ಒಂದನ್ನ ಸರಿಯಾಗಿ ತೊಳೆದ್ರೆ ಆಯ್ತು.

ಈಗ ಖರ್ಚು ನೋಡೋಣ. ನಮ್ಮ ಮನೆ ನಲ್ಲೀನ ಸಣ್ಣಗೆ ಬಿಟ್ಟು ಒಂದು ಲೀಟರ್ ಬಾಟಲ್ ಹಿಡಿದೆ. ತುಂಬೋಕೆ 20 ಸೆಕೆಂಡ್. ಅಂದ್ರೆ ನಿಮಿಷಕ್ಕೆ 3 ಲೀಟರ್, ಅರ್ಧ ಗಂಟೆಗೆ 90 ಲೀಟರ್. ಒಂದೇ ಒಂದು ರೋಲಿಗೆ. 36 ಫೋಟೋಗೆ.

ಬೆಂಗಳೂರಲ್ಲಿ ಕೂತು ಇದನ್ನ ಮಾಡೋಕೆ ಮನಸ್ಸು ಬರುತ್ತಾ? 2024ರ ಮಾರ್ಚಲ್ಲಿ ಬೋರ್‌ವೆಲ್ ಬತ್ತಿ, ಟ್ಯಾಂಕರ್‌ಗೆ ಕಾದು, ಬಿಂದಿಗೆ ಸಾಲಲ್ಲಿ ನಿಂತಿದ್ದು ಮರೆತುಹೋಯ್ತಾ? ಕುಡಿಯೋ ನೀರಲ್ಲಿ ಕಾರು ತೊಳೆದ್ರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿದ್ದು ಆಗಲೇ. ಸುಮಾರು 100 ಕಿಲೋಮೀಟರ್ ದೂರದಿಂದ ಪಂಪ್ ಮಾಡಿ ತರೋ ಕಾವೇರಿ ನೀರು ಅದು. "ನೀರು ಬಿಟ್ಕೊಂಡು ಒಳಗೇನೋ ಮಾಡ್ತಿದ್ದೀಯಾ?" ಅಂತ ಅಮ್ಮ ಬಚ್ಚಲುಮನೆ ಬಾಗಿಲು ಬಡಿದ್ರೆ ಆ ಬೈಗುಳ ನ್ಯಾಯವಾದದ್ದೇ.

ಅಷ್ಟು ಸುರಿದ್ರೂ ಕೆಲಸ ಆಗುತ್ತೆ ಅನ್ನೋ ಗ್ಯಾರಂಟಿ ಇಲ್ಲ. ತೆರೆದ ಟ್ಯಾಂಕಿನ ಮೇಲೆ ನಲ್ಲಿ ಬಿಟ್ರೆ ನೀರು ಮೇಲೇ ತುಳುಕಿ ಹೋಗುತ್ತೆ. ತಳದಲ್ಲಿರೋ ಹಳೇ ನೀರು ಅಲ್ಲೇ ಸುತ್ತುತ್ತಿರುತ್ತೆ.

(6/10)
ಈಗ ಲೆಕ್ಕ. ನೋಟ್ಸ್ ತೆಗೀರಿ.

ಡಿಪ್ರಿಸಿಯೇಷನ್ ನೆನಪಿದೆಯಾ? ಸ್ಟ್ರೈಟ್ ಲೈನ್ ಪದ್ಧತೀಲಿ ಪ್ರತಿ ವರ್ಷ ಒಂದೇ ಮೊತ್ತ ಕಳೀತೀವಿ. ರಿಟನ್ ಡೌನ್ ವ್ಯಾಲ್ಯೂ ಪದ್ಧತೀಲಿ ಉಳಿದಿದ್ದರ ಮೇಲೆ ಶೇಕಡಾವಾರು ಕಳೀತೀವಿ. ಫಿಲ್ಮ್ ತೊಳೆಯೋದು ಎರಡನೇ ಪದ್ಧತಿ.

ಟ್ಯಾಂಕ್ 300 ಮಿಲಿಲೀಟರ್ ಹಿಡಿಯುತ್ತೆ ಅಂತ ಇಟ್ಕೊಳ್ಳಿ. ಫಿಕ್ಸರ್ ಸುರಿದ ಮೇಲೂ ಫಿಲ್ಮ್, ಸ್ಪೈರಲ್, ಗೋಡೆಗೆ ಅಂಟಿಕೊಂಡು 10 ಮಿಲಿಲೀಟರ್ ಉಳೀತು ಅಂತ ಇಟ್ಕೊಳ್ಳಿ. ಹೊಸ ನೀರು ತುಂಬಿದ್ರೆ ಫಿಕ್ಸರಿನ ಸಾಂದ್ರತೆ ಮೂವತ್ತರಲ್ಲಿ ಒಂದು ಪಾಲು ಆಯ್ತು. ಅದನ್ನ ಪೂರ್ತಿ ಸುರಿದು ಮತ್ತೆ ತುಂಬಿದ್ರೆ ಅದರ ಮೂವತ್ತರಲ್ಲೊಂದು, ಅಂದ್ರೆ 900ರಲ್ಲಿ ಒಂದು. ಮೂರನೇ ಸಲಕ್ಕೆ 27,000ದಲ್ಲಿ ಒಂದು. ಖರ್ಚಾದ ನೀರು 900 ಮಿಲಿಲೀಟರ್.

ಅದೇ 900 ಮಿಲಿಲೀಟರನ್ನ ದೊಡ್ಡ ಪಾತ್ರೇಲಿ ಒಂದೇ ಸಲ ಹಾಕಿ ಫಿಲ್ಮ್ ಮುಳುಗಿಸಿದ್ರೆ? 90ರಲ್ಲಿ ಒಂದು. ನೀರು ಅಷ್ಟೇ, ಫಲಿತಾಂಶದಲ್ಲಿ 300 ಪಟ್ಟು ವ್ಯತ್ಯಾಸ. ಚಕ್ರಬಡ್ಡಿ ನಮ್ಮ ಕಡೆ ಕೆಲಸ ಮಾಡೋದು ಜೀವನದಲ್ಲಿ ಅಪರೂಪ, ಇಲ್ಲಿ ಮಾಡುತ್ತೆ. ಹಾಗಾಗಿ ನೀರು ಎಷ್ಟು ಅನ್ನೋದಕ್ಕಿಂತ ಎಷ್ಟು ಸಲ ಪೂರ್ತಿ ಬದಲಾಯಿಸಿದ್ರಿ ಅನ್ನೋದು ಮುಖ್ಯ.

ಈ ಲೆಕ್ಕದಲ್ಲಿ ಒಂದು ಷರತ್ತಿದೆ. ಜೆಲಟಿನ್ ಒಳಗಿರೋ ಹೈಪೊ ಒಂದೇ ಕ್ಷಣದಲ್ಲಿ ಹೊರಗೆ ಬರಲ್ಲ. ಒಳಗೆ ದಟ್ಟ, ಹೊರಗೆ ತೆಳು, ಆ ವ್ಯತ್ಯಾಸದಿಂದ ನಿಧಾನವಾಗಿ ಹೊರಗೆ ಸೋರುತ್ತೆ. ಎರಡೂ ಕಡೆ ಸಮ ಆದ್ರೆ ನಿಂತುಹೋಗುತ್ತೆ. ಅದಕ್ಕೇ ಪ್ರತಿ ಸಲ ಸ್ವಲ್ಪ ಹೊತ್ತು ಕೊಡಬೇಕು, ಅಲ್ಲಾಡಿಸಬೇಕು, ಆಮೇಲೆ ಸುರಿಯಬೇಕು. "ಎರಡು ಸಲ ಜಾಲಾಡಿಸು" ಪಾರ್ಟಿ ಸೋಲೋದು ಇಲ್ಲಿ. ನೀರು ಬದಲಾಯಿಸ್ತಾರೆ, ಸಮಯ ಕೊಡಲ್ಲ. ನಲ್ಲಿ ಪಾರ್ಟಿ ಸಮಯ ಕೊಡ್ತಾರೆ, ನೀರು ಪೂರ್ತಿ ಬದಲಾಯ್ತಾ ನೋಡಲ್ಲ.

(7/10)
ಇದನ್ನ ನಾನು ಕಂಡುಹಿಡಿದಿದ್ದಲ್ಲ. ಫಿಲ್ಮ್ ತಯಾರಿಸೋ ಇಲ್‌ಫೋರ್ಡ್ ಕಂಪನಿಯೇ ಸ್ಪೈರಲ್ ಟ್ಯಾಂಕಿಗೆ ಶಿಫಾರಸು ಮಾಡೋ ವಿಧಾನ. ಹಾರ್ಡನರ್ ಇಲ್ಲದ ಫಿಕ್ಸರ್ ಬಳಸಿದ್ರೆ ಮಾತ್ರ ಇದು ಅನ್ವಯ. ಈಗ ಸಿಗೋ ರ‍್ಯಾಪಿಡ್ ಫಿಕ್ಸರ್‌ಗಳಲ್ಲಿ ಹೆಚ್ಚಿನವು ಹಾಗೇ ಇರುತ್ತೆ, ಆದ್ರೂ ಬಾಟಲ್ ಮೇಲೆ ಓದಿ.

ಸೇವ್ ಮಾಡ್ಕೊಳ್ಳಿ:

ಒಂದು. ಫಿಕ್ಸರನ್ನ ಅದರ ಬಾಟಲಿಗೆ ವಾಪಸ್ ಸುರಿದು, ಟ್ಯಾಂಕ್ ತುಂಬಾ ನೀರು ಹಾಕಿ. ಮುಚ್ಚಿ 5 ಸಲ ತಲೆಕೆಳಗು ಮಾಡಿ. ಪೂರ್ತಿ ಸುರಿಯಿರಿ.
ಎರಡು. ಮತ್ತೆ ತುಂಬಿ 10 ಸಲ. ಪೂರ್ತಿ ಸುರಿಯಿರಿ.
ಮೂರು. ಮತ್ತೆ ತುಂಬಿ 20 ಸಲ. ಪೂರ್ತಿ ಸುರಿಯಿರಿ.

ಅಷ್ಟೇ. ಇದರ ಮೇಲೆ ನಾನು ನನ್ನದೇ ಒಂದು ಸೇರಿಸ್ತೀನಿ: ಪ್ರತಿ ಸಲ ಅಲ್ಲಾಡಿಸಿದ ಮೇಲೆ ಒಂದೆರಡು ನಿಮಿಷ ಹಾಗೇ ಬಿಡ್ತೀನಿ, ಕೊನೆಗೆ ಇನ್ನೊಂದು ಸಲ ತುಂಬಿ ಸುರಿದು ಮುಗಿಸ್ತೀನಿ. ಆಗಲೂ ಒಂದೂಕಾಲು ಲೀಟರ್ ದಾಟಲ್ಲ. 90 ಲೀಟರ್ ಎಲ್ಲಿ, ಇದೆಲ್ಲಿ!

"ಸುರಿಯಿರಿ" ಅನ್ನೋದನ್ನ ಮೂರು ಸಲ ಬರೆದಿದ್ದು ಸುಮ್ಮನೆ ಅಲ್ಲ. ಅರ್ಧ ಸುರಿದು ಮತ್ತೆ ತುಂಬಿದ್ರೆ ಹಿಂದಿನ ಲೆಕ್ಕ ಪೂರ್ತಿ ಕೆಟ್ಟುಹೋಗುತ್ತೆ. ಮುಚ್ಚಳಕ್ಕೆ, ಸ್ಪೈರಲ್ ಚಡಿಗೆ ಅಂಟಿದ್ದೂ ಹೋಗಲಿ ಅಂತ ಟ್ಯಾಂಕನ್ನ ಬಗ್ಗಿಸಿ ನಾಲ್ಕು ಸಲ ಕುಟ್ಟಿ.

ಇನ್ನೊಂದು ವಿಷಯ ಬಿಸಿ. ಇಲ್‌ಫೋರ್ಡ್ ಹೇಳೋದು, ತೊಳೆಯೋ ನೀರು ಉಳಿದ ದ್ರಾವಣಗಳ ಉಷ್ಣತೆಗಿಂತ 5 ಡಿಗ್ರಿ ಆಚೀಚೆ ಒಳಗೇ ಇರಬೇಕು ಅಂತ. ಡೆವಲಪರ್ 20 ಡಿಗ್ರಿಯಲ್ಲಿ ಮಾಡಿ, ಏಪ್ರಿಲ್ ಮಧ್ಯಾಹ್ನ ಓವರ್‌ಹೆಡ್ ಟ್ಯಾಂಕಿನ ಸುಡೋ ನೀರು ಸುರಿದ್ರೆ ಜೆಲಟಿನ್ ಉಬ್ಬಿ ಮೆತ್ತಗಾಗುತ್ತೆ, ಉಗುರು ತಾಗಿದ್ರೂ ಗೀರು. ವ್ಯತ್ಯಾಸ ತೀರಾ ಜಾಸ್ತಿಯಾದ್ರೆ ಒಣಗಿದ ಕೆರೆ ತಳದ ಥರ ಸಣ್ಣ ಬಿರುಕು ಬರೋದೂ ಉಂಟು. ನಲ್ಲಿ ಪಾರ್ಟಿಗೆ ಇದರ ಮೇಲೆ ಹಿಡಿತವೇ ಇಲ್ಲ. ನಮ್ಮ ವಿಧಾನಕ್ಕೆ ಬೇಕಾಗಿರೋದು ಒಂದೂಕಾಲು ಲೀಟರ್ ತಾನೇ? ರಾತ್ರಿಯೇ ಬಾಟಲಲ್ಲಿ ತುಂಬಿಟ್ಟು, ಕೆಮಿಕಲ್ ಬಾಟಲ್‌ಗಳ ಜೊತೆ ಅದೇ ಟಬ್ಬಲ್ಲಿ ನಿಲ್ಲಿಸಿ. ಎಲ್ಲ ಒಂದೇ ಹದಕ್ಕೆ ಬರುತ್ತೆ.

(8/10)
ಈ ಕ್ಯಾಪ್ಷನ್ ಓದದೆ ಮೇಲಿನದನ್ನ ಮಾತ್ರ ಮಾಡಿದ್ರೆ ಉಪಯೋಗ ಇಲ್ಲ. ಯಾಕಂದ್ರೆ ಕೆಟ್ಟ ಫಿಕ್ಸಿಂಗನ್ನ ಯಾವ ನೀರೂ ಸರಿ ಮಾಡಲ್ಲ.

ಫಿಕ್ಸರ್ ಹಳೆಯದಾದಂತೆ ಅದರಲ್ಲಿ ಕರಗಿದ ಬೆಳ್ಳಿ ಜಾಸ್ತಿಯಾಗುತ್ತೆ. ಆಗ ಹುಟ್ಟೋ ಸಂಯುಕ್ತಗಳು ನೀರಲ್ಲಿ ಸುಲಭವಾಗಿ ತೊಳೆದು ಹೋಗಲ್ಲ. ಗಂಟೆಗಟ್ಟಲೆ ತೊಳೆದ್ರೂ ಜೆಲಟಿನ್ ಒಳಗೇ ಕೂತು ಮುಂದೊಂದು ದಿನ ಕಲೆಯಾಗುತ್ತೆ. "ಒಂದೇ ಫಿಕ್ಸರಲ್ಲಿ ಮೂವತ್ತು ರೋಲ್ ಓಡಿಸ್ದೆ" ಅಂತ ಹೆಮ್ಮೆಯಿಂದ ಬರೆಯೋರಿಗೆ ನನ್ನ ಪ್ರಶ್ನೆ: ಎಷ್ಟು ರೋಲ್ ಉಳಿಯುತ್ತೆ?

ಪರೀಕ್ಷೆ ಸುಲಭ, ಖರ್ಚು ಸೊನ್ನೆ. ರೋಲಿನ ನಾಲಿಗೆ ತುದಿ ಹೇಗೂ ಕತ್ತರಿಸ್ತೀವಲ್ಲ, ಆ ಚೂರನ್ನ ಫಿಕ್ಸರಲ್ಲಿ ಹಾಕಿ. ಹಾಲಿನ ಬಣ್ಣ ಹೋಗಿ ಪಾರದರ್ಶಕ ಆಗೋಕೆ ಎಷ್ಟು ಹೊತ್ತು ನೋಡಿ. ಅದರ ಎರಡರಷ್ಟು ಹೊತ್ತು ಫಿಕ್ಸ್ ಮಾಡಿ, ಟಿ-ಮ್ಯಾಕ್ಸ್ ಥರದ ಫಿಲ್ಮಿಗೆ ಮೂರರಷ್ಟು. ಹೊಸ ಫಿಕ್ಸರಿಗೆ ಬೇಕಾಗಿದ್ದಕ್ಕಿಂತ ಎರಡು ಪಟ್ಟು ಹೊತ್ತು ಹಿಡಿದ್ರೆ ಆ ಫಿಕ್ಸರ್ ರಿಟೈರ್ ಆಯ್ತು ಅಂತ ಅರ್ಥ. ಫಿಲ್ಮ್ ಗಾಢ ಗುಲಾಬಿಯಾಗಿ ಉಳಿದ್ರೂ ಮೊದಲು ಅನುಮಾನ ಪಡಬೇಕಾದ್ದು ಫಿಕ್ಸರನ್ನ. ತಿಳಿ ಗುಲಾಬಿ ಆದ್ರೆ ಫಿಲ್ಮಿನ ಡೈ ಇರಬಹುದು, ಇನ್ನೊಂದು ನೀರಿಗೆ ಹೋಗುತ್ತೆ.

ಹಾರ್ಡನರ್ ಇರೋ ಫಿಕ್ಸರೇ ಸಿಕ್ಕಿದ್ರೆ? ಅದಕ್ಕೂ ದಾರಿ ಇದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಸಿಹಿನೀರಿನ ಕೊರತೆ ಇದ್ದ ಕಡೆ ಸಮುದ್ರದ ನೀರಲ್ಲಿ ಫಿಲ್ಮ್ ತೊಳೆಯೋ ಬಗ್ಗೆ ಅಧ್ಯಯನ ನಡೀತು. ಉಪ್ಪುನೀರಲ್ಲಿ ಹೈಪೊ ಇನ್ನೂ ಬೇಗ ಹೊರಗೆ ಬರುತ್ತೆ ಅಂತ ಗೊತ್ತಾಯ್ತು. ಕೊನೆಗೆ ಸಿಹಿನೀರಲ್ಲಿ ಉಪ್ಪನ್ನ ತೊಳೆದ್ರಾಯ್ತು. ಆ ತಿಳಿವಳಿಕೆಯಿಂದಲೇ ಹೈಪೊ ಕ್ಲಿಯರಿಂಗ್ ಏಜೆಂಟ್ ಬಂತು. ಒಂದೆರಡು ನಿಮಿಷ ಅದರಲ್ಲಿ ಅದ್ದಿದ್ರೆ ಕೊಡಾಕ್ ಹೇಳೋ ಅರ್ಧ ಗಂಟೆ 5 ನಿಮಿಷಕ್ಕೆ ಇಳಿಯುತ್ತೆ. ಮನೇಲೇ ಮಾಡೋರು ಲೀಟರಿಗೆ 20 ಗ್ರಾಂ ಸೋಡಿಯಂ ಸಲ್ಫೈಟ್ ಹಾಕ್ತಾರೆ. ಸಲ್ಫೇಟ್ ಅಲ್ಲ, ಸಲ್ಫೈಟ್. ಅಂಗಡೀಲಿ ಲೇಬಲ್ ನೋಡಿ ತಗೊಳ್ಳಿ.

(9/10)
ಕೊನೆಯ ನೀರು. ನಮ್ಮ ಊರಿನ ನಿಜವಾದ ಸಮಸ್ಯೆ ಇಲ್ಲಿದೆ.

ಬೋರ್‌ವೆಲ್ ನೀರು ಗಡಸು. ಗೀಸರ್ ಕಾಯಿಲ್ ಮೇಲೆ, ನಲ್ಲಿ ಬಾಯಿಗೆ ಬಿಳಿ ಪದರ ಕಟ್ಟುತ್ತಲ್ಲ, ಅದೇ ಸುಣ್ಣದಂಶ ಫಿಲ್ಮ್ ಒಣಗುವಾಗ ಹನಿ ಹನಿಯಾಗಿ ಗುರುತು ಬಿಡುತ್ತೆ. ಆಕಾಶದ ಜಾಗದಲ್ಲಿ ಬಂದ್ರಂತೂ ಎದ್ದು ಕಾಣುತ್ತೆ. ತುಂಬಾ ಜನ ಇದನ್ನ ನೋಡಿ "ಸರಿಯಾಗಿ ತೊಳೆದಿಲ್ಲ" ಅಂದ್ಕೊಂಡು ಇನ್ನೂ ಅರ್ಧ ಗಂಟೆ ಅದೇ ಗಡಸು ನೀರು ಬಿಡ್ತಾರೆ. ಕಲೆ ಇನ್ನೂ ಜಾಸ್ತಿ!

ತೊಳೆಯೋಕೆ ಗಡಸು ನೀರು ನಡೆಯುತ್ತೆ. ಒಣಗಿಸೋಕೆ ಮಾತ್ರ ನಡೆಯಲ್ಲ. ಈ ಎರಡನ್ನ ಬೇರೆ ಬೇರೆ ಮಾಡಿದ್ರೆ ಖರ್ಚೂ ಕಮ್ಮಿ. ಮೊದಲ ಮೂರು ನೀರಿಗೆ ಮನೆ ನೀರು ಸಾಕು, ಮರಳು ಕಸ ಇದ್ರೆ ಬಟ್ಟೇಲಿ ಸೋಸಿ. ಕೊನೆಯ ಒಂದು ಟ್ಯಾಂಕಿಗೆ ಮಾತ್ರ ಡಿಸ್ಟಿಲ್ಡ್ ವಾಟರ್. ಬ್ಯಾಟರಿ ಅಂಗಡೀಲಿ, ಪೆಟ್ರೋಲ್ ಬಂಕಲ್ಲಿ "ಬ್ಯಾಟರಿ ನೀರು" ಅಂತ ಸಿಗುತ್ತೆ. ಆಸಿಡ್ ಅಲ್ಲ, ನೀರು ಅಂತ ಎರಡು ಸಲ ಕೇಳಿ ತಗೊಳ್ಳಿ. 300 ಮಿಲಿಲೀಟರ್ ಸಾಕು ಒಂದು ರೋಲಿಗೆ.

ಅದಕ್ಕೆ ವೆಟ್ಟಿಂಗ್ ಏಜೆಂಟ್. ಕೊಡಾಕ್‌ನ ಫೋಟೋ-ಫ್ಲೋ ಆದ್ರೆ 200 ಪಾಲು ನೀರಿಗೆ ಒಂದು ಪಾಲು, ಅಂದ್ರೆ 300ಕ್ಕೆ ಒಂದೂವರೆ ಮಿಲಿಲೀಟರ್. ಜಾಸ್ತಿ ಹಾಕಿದ್ರೆ ಜಾಸ್ತಿ ಒಳ್ಳೇದಾಗಲ್ಲ, ಜಿಡ್ಡಿನ ಗುರುತು ಬರುತ್ತೆ. ಸುವಾಸನೆ ಬಣ್ಣ ಎಲ್ಲ ಇರೋ ಪಾತ್ರೆ ತೊಳೆಯೋ ಲಿಕ್ವಿಡ್ ದಯವಿಟ್ಟು ಬೇಡ.

ಆಮೇಲೆ ಕ್ಲಿಪ್ ಹಾಕಿ, ಕೆಳಗೆ ಭಾರ ಕಟ್ಟಿ, ಬಚ್ಚಲುಮನೇಲಿ ತೂಗುಹಾಕಿ. ಮನೆಯಲ್ಲಿ ಧೂಳು ಕಮ್ಮಿ ಇರೋ ಜಾಗ ಅದು. ಫ್ಯಾನ್ ಬೇಡ, ಹೇರ್ ಡ್ರೈಯರ್ ಬೇಡ. ಬೆರಳಲ್ಲಿ ಒರೆಸೋದೂ ಬೇಡ, ಒದ್ದೆ ಜೆಲಟಿನ್ ಮೇಲೆ ಒಂದು ಮರಳಿನ ಕಣ ಸಿಕ್ಕಿದ್ರೆ 36 ಫ್ರೇಮಿಗೂ ಉದ್ದಕ್ಕೆ ಒಂದೇ ಗೀರು. ಬಾಗಿಲು ಹಾಕಿ, "ಯಾರೂ ಹೋಗ್ಬೇಡಿ" ಅಂತ ಮನೆಯವರಿಗೆ ಹೇಳಿ. ಅವರ ಸಿಟ್ಟನ್ನ ಆಮೇಲೆ ನೋಡ್ಕೊಳ್ಳಿ.

(10/10)
"ಸಾಕಷ್ಟು ತೊಳೆದಿದ್ದೀನಿ ಅಂತ ಹೇಗೆ ಗೊತ್ತಾಗುತ್ತೆ?" ನ್ಯಾಯವಾದ ಪ್ರಶ್ನೆ. ಕಣ್ಣಿಗೆ ಗೊತ್ತಾಗಲ್ಲ, ಅದೇ ಇದರ ಅಪಾಯ. ಕೆಟ್ಟದಾಗಿ ತೊಳೆದ ನೆಗೆಟಿವೂ ಇವತ್ತು ಚೆನ್ನಾಗೇ ಕಾಣುತ್ತೆ.

ಮೆಡಿಕಲ್ ಶಾಪಲ್ಲಿ ಪೊಟ್ಯಾಶಿಯಂ ಪರ್ಮಾಂಗನೇಟ್ ತಗೊಳ್ಳಿ. ಒಂದೆರಡು ಹರಳನ್ನ ಡಿಸ್ಟಿಲ್ಡ್ ನೀರಲ್ಲಿ ಕರಗಿಸಿ ತಿಳಿ ನೇರಳೆ ಮಾಡಿ, ಎರಡು ಗಾಜಿನ ಲೋಟಕ್ಕೆ ಸಮ ಹಾಕಿ. ಒಂದಕ್ಕೆ ತೊಳೆದ ಫಿಲ್ಮಿನಿಂದ ತೊಟ್ಟಿಕ್ಕೋ ನೀರಿನ ಹನಿ, ಇನ್ನೊಂದಕ್ಕೆ ನೀವು ತೊಳೆಯೋಕೆ ಬಳಸಿದ ಬರೀ ನೀರಿನ ಅಷ್ಟೇ ಹನಿ. ಫಿಲ್ಮ್ ಕಡೆ ಲೋಟದ ನೇರಳೆ ಬೇಗ ಹೋಗಿ ಹಳದಿಗೆ ತಿರುಗಿದ್ರೆ ಹೈಪೊ ಇನ್ನೂ ಇದೆ. ಎರಡೂ ಒಂದೇ ಥರ ಉಳಿದ್ರೆ ನೆಮ್ಮದಿ. ಇದು ಅಂದಾಜಿನ ಪರೀಕ್ಷೆ, ಆದ್ರೂ ಕಣ್ಣುಮುಚ್ಚಿ ನಂಬೋದಕ್ಕಿಂತ ಮೇಲು. ವೆಟ್ಟಿಂಗ್ ಏಜೆಂಟ್ ಹಾಕೋ ಮುಂಚೆ ಮಾಡಿ. ಕೈಗೆ, ಬಟ್ಟೆಗೆ ಕಲೆ ಆಗುತ್ತೆ, ಹುಷಾರು. ಆ ಲೋಟದಲ್ಲಿ ಮತ್ತೆ ಯಾರೂ ಕುಡಿಯಬಾರದು.

ನೀರಿನ ಬಗ್ಗೆ ಇಷ್ಟು ಮಾತಾಡಿ ಇದನ್ನ ಬಿಟ್ರೆ ತಪ್ಪಾಗುತ್ತೆ: ಬಳಸಿ ಮುಗಿದ ಫಿಕ್ಸರಲ್ಲಿ ಬೆಳ್ಳಿ ಇರುತ್ತೆ, ನೀರಲ್ಲಿರೋ ಜೀವಿಗಳಿಗೆ ಅದು ವಿಷ. ಮೋರಿಗೆ ಸುರೀಬೇಡಿ. ಕ್ಯಾನಲ್ಲಿ ಕೂಡಿಡಿ. ಸ್ಟೀಲ್ ವುಲ್ ಹಾಕಿಟ್ರೆ ಕಬ್ಬಿಣ ಕರಗಿ ಬೆಳ್ಳಿ ಕೆಸರಾಗಿ ಕೆಳಗೆ ಕೂರುತ್ತೆ. ನಾಲ್ಕೈದು ಜನ ಸೇರಿ ಒಂದೇ ಕ್ಯಾನ್ ಇಟ್ಕೊಂಡ್ರೂ ಆಯ್ತು.

ಕೊನೇ ಮಾತು. ನಾವು ಫಿಲ್ಮಲ್ಲಿ ತೆಗೆಯೋದು ಯಾರನ್ನ? ಕ್ಯಾಂಟೀನ್ ಅಣ್ಣನನ್ನ, ಹಾಸ್ಟೆಲ್ ರೂಮನ್ನ, ಲಾಸ್ಟ್ ಬೆಂಚ್ ಗ್ಯಾಂಗನ್ನ, ತಾತನನ್ನ. ಅವರು ಎರಡು ಸೆಕೆಂಡ್ ಅಲ್ಲಾಡದೆ ನಿಂತು ನಮ್ಮನ್ನ ನಂಬಿದ್ದಾರೆ. ಆ ನಂಬಿಕೆಗೆ ನಾವು ಕೊಡಬೇಕಾಗಿರೋದು ಒಂದೂಕಾಲು ಲೀಟರ್ ನೀರು, ಹದಿನೈದು ನಿಮಿಷ. ಇಷ್ಟು ಕೊಡೋಕೆ ಆಗಲ್ಲ ಅನ್ನೋರು ಫೋನಲ್ಲೇ ತೆಗೀರಿ, ತಪ್ಪೇನಿಲ್ಲ. ಫಿಲ್ಮಲ್ಲಿ ತೆಗೆದ್ರೆ ಮಾತ್ರ ಪೂರ್ತಿ ಮಾಡಿ.

ಮುಂದಿನ ಸಲ ಡೆವಲಪ್ ಮಾಡೋ ವಿಡಿಯೋ ಹಾಕುವಾಗ ತೊಳೆಯೋ ಭಾಗ ಕತ್ತರಿಸಬೇಡಿ. 5, 10, 20 ಎಣಿಸೋದು ಕೇಳಿಸ್ಲಿ. ನಿಮ್ಮ ಮನೆ ನೀರು ಕಾವೇರೀನಾ, ಬೋರ್‌ವೆಲ್ಲಾ, ಟ್ಯಾಂಕರಾ ಅಂತ ಕಾಮೆಂಟಲ್ಲಿ ಬರೀರಿ, ಕೊನೆಯ ನೀರಿಗೆ ಏನು ಮಾಡ್ತೀರಿ ಅಂತಾನೂ.

#ಫಿಲ್ಮ್‌ಫೋಟೋ #ಕಪ್ಪುಬಿಳುಪು #ಮನೇಲೇಡೆವಲಪ್ #ನೀರುಉಳಿಸಿ #ಕನ್ನಡಕ್ಯಾಪ್ಷನ್